ಮಾತಾಡುವ ಗೊಂಬೆಗೆ ಚಕ್ಕುಲಿ

ಮೈಸೂರಿನ ಯಾದವಗಿರಿಯ ಬಿಂದು ತನ್ನ ಬೆಂಗಳೂರಿನ ಆಫೀಸಿನವರಿಗೆ ಹೇಳಿ ಹೇಳಿ ನಗಿಸುತ್ತಿದ್ದ ಕತೆಯೊಂದಿತ್ತು. ಮನೆಯ ದಸರಾ ಗೊಂಬೆಗಳ ಸಾಲಿನಲ್ಲಿ ಪಟ್ಟದ ಗೊಂಬೆಗಳ ಪಕ್ಕ ಒಂದು ಮಾತಾಡುವ ಗೊಂಬೆಯನ್ನು ಕೂರಿಸಿದ್ದಾರೆ; ಅವಳ ಅತ್ತೆ ಇಂದ್ರಮ್ಮ ಅದಕ್ಕೆ ದಿನಾ ಚಕ್ಕುಲಿ, ಕೊಬ್ಬರಿ ಮಿಠಾಯಿ ಕಟ್ಟಿ, ಗೊಂಬೆ ಮಾಡಿದ ಕಂಪನಿಯವರ ಕೈಯಲ್ಲಿ ಕಳಿಸುತ್ತಾರೆ. "ನಮ್ಮ ಎಐ ಎಷ್ಟು ಸಹಜವಾಗಿದೆ ನೋಡಿ. ಅದಕ್ಕೂ ಹಸಿವಾಗುತ್ತೆ ಅಂದ್ಕೊಂಡಿದ್ದಾರೆ ನಮ್ಮತ್ತೆ!" ವೀಡಿಯೊ ಕರೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆಯನ್ನು ಆಡಿಕೊಂಡು ಬಂಡವಾಳ ಎತ್ತುವ ಸೊಸೆಯರು ನಮ್ಮಲ್ಲಿ ಹೊಸಬರು. ಹಿಂದಿನವರು ಬಿಟ್ಟಿಯಾಗಿಯೇ ಆಡಿಕೊಳ್ಳುತ್ತಿದ್ದರು.

ಹೊಸ ಕಂಪನಿಗಳನ್ನು ಹುಡುಕಿ ಬಂಡವಾಳ ಹಾಕಿಸುವುದು ಬಿಂದುವಿನ ಕೆಲಸ. ಮೊದಲು ಬ್ಯಾಂಕಿನಲ್ಲಿದ್ದು, ಆಮೇಲೆ ಬೆಂಗಳೂರಿನ ಹೂಡಿಕೆ ಸಂಸ್ಥೆಯೊಂದನ್ನು ಸೇರಿದಳು. ದಿನಸಿ ತಲುಪಿಸುವ ಕಂಪನಿಗಳ ಕಾಲ ಮುಗಿದು ಕೃತಕ ಬುದ್ಧಿಮತ್ತೆಯ ಕಾಲ ಬಂದಾಗ, ಕಾಳು ಯಾವುದು ಜೊಳ್ಳು ಯಾವುದು ಎಂದು ಹೇಳಬಲ್ಲವಳು ಎಂಬ ಹೆಸರು ಅವಳಿಗೆ ಬಂತು. ಜಯಲಕ್ಷ್ಮಿಪುರಂನಲ್ಲಿ ಸಣ್ಣ ಕಚೇರಿ ಇಟ್ಟುಕೊಂಡಿದ್ದ ಅಭಿಲಾಷ್‌ನ ಗೊಂಬೆಯನ್ನು ಆರಿಸಿದವಳು ಅವಳೇ. ಬೇರೆಯವರ ಯಂತ್ರಗಳು ಕನ್ನಡವನ್ನು ವಾರ್ತೆ ಓದಿದ ಹಾಗೆ ಮಾತಾಡುತ್ತಿದ್ದವು. ಈ ಗೊಂಬೆ ಮಾತ್ರ ಪುಟ್ಟ ಹುಡುಗಿಯ ದನಿಯಲ್ಲಿ "ಬಂದ್ಬುಟ್ರಾ? ಕೂತ್ಕಳಿ" ಎನ್ನುತ್ತಿತ್ತು. "ನಾನು ಹುಟ್ಟಿ ಬೆಳೆದಿದ್ದೇ ಮೈಸೂರಲ್ಲಿ. ನನ್ನ ಕಿವಿಗೆ ಮೋಸ ಮಾಡೋಕಾಗಲ್ಲ" ಎಂದು ಬಿಂದು ಸಂಸ್ಥೆಗೆ ಭರವಸೆ ಕೊಟ್ಟಳು. ಆ ಮಾತಿನ ಮೇಲೆ ಮೊದಲ ಕಂತು ಬಂತು. ಈಗ ದೊಡ್ಡ ಕಂತಿನ ಸರದಿ. ಅದಕ್ಕೆ ಒಪ್ಪಿಗೆ ಸಿಕ್ಕರೆ ಬಿಂದುವನ್ನು ಸಂಸ್ಥೆಯ ಪಾಲುದಾರಳನ್ನಾಗಿ ಮಾಡುವುದೆಂದು ಮಾತಾಗಿತ್ತು. ಹಿರಿಯ ಪಾಲುದಾರರಾದ ಅಮರೇಶ್, ಗೊಂಬೆಯನ್ನು ಕಣ್ಣಾರೆ ನೋಡಲು ದುರ್ಗಾಷ್ಟಮಿಯ ಸಂಜೆ ಮನೆಗೇ ಬರುವವರಿದ್ದರು.

ಆ ಮಧ್ಯಾಹ್ನ ಇಂದ್ರಮ್ಮ ಅಡುಗೆಮನೆಯಲ್ಲಿ ಮಾತಾಡುವ ಗೊಂಬೆಯ ಡಬ್ಬಿ ತುಂಬುತ್ತಿದ್ದರು. ಗೊಂಬೆ ನೋಡಲು ಬರುವ ಮಕ್ಕಳಿಗೆ ಕೊಡುವ ತಿಂಡಿ ಬೇರೆ ತಟ್ಟೆಯಲ್ಲಿತ್ತು.

"ಅತ್ತೆ, ಇವತ್ತು ಡಬ್ಬೀನ ಅಮರೇಶ್ ಎದುರಿಗೇ ಕೊಡಿ. ಅವರಿಗೆ ಖುಷಿಯಾಗುತ್ತೆ" ಎಂದಳು ಬಿಂದು.

"ಅದಕ್ಕೇನಂತೆ, ಕೊಡೋಣ. ಇವತ್ತು ಎರಡು ಜಾಸ್ತಿ ಹಾಕಿದೀನಿ. ಪಾಪ, ಅನೂಗೆ ನಾಳೆ ಆಯುಧಪೂಜೆಗೂ ರಜ ಇಲ್ವಂತೆ."

"ಯಾವ ಅನು?"

"ಗೊಂಬೇಲಿ ಮಾತಾಡ್ತಾಳಲ್ಲ ಕಣೆ, ಆ ಹುಡುಗಿ. ಇಲವಾಲದವಳು."

ಬಿಂದು ನಕ್ಕಳು. "ಅತ್ತೆ, ಅಲ್ಲಿ ಯಾರೂ ಇಲ್ಲ. ಅದು ಯಂತ್ರ."

"ಮೊದಲ್ನೇ ದಿನ ನಾನೂ ಹಂಗೇ ಅಂದ್ಕೊಂಡೆ. ಊಟ ಆಯ್ತಾ ಅಂದೆ. ಸಣ್ಣಗೆ, ಇನ್ನೂ ಇಲ್ಲ ಅಜ್ಜಿ ಅಂದ್ಳು. ಹಿಂದುಗಡೆ ಎಲ್ಲೋ ಹಸು ಕೂಗ್ತಿತ್ತು. ಯಂತ್ರಕ್ಕೆ ಹಸು ಎಲ್ಲಿಂದ ಬರ್ಬೇಕು?" ಇಂದ್ರಮ್ಮ ಡಬ್ಬಿಯ ಮುಚ್ಚಳ ಒತ್ತಿದರು. "ಅಲ್ಲಿ ಒಂದು ರೂಮಲ್ಲಿ ಹುಡುಗೀರು ಕೂತು ಮಾತಾಡ್ತಾರಂತಲ್ಲ, ನಿಂಗೆ ಗೊತ್ತಿಲ್ವಾ? ನೀನೇ ಕೆಲ್ಸ ಕೊಡಿಸಿದ್ದು ಅಂದ್ಕೊಂಡು ನಾನು ಬೀದಿಗೆಲ್ಲ ಹೇಳ್ಕೊಂಡು ಬಂದೆ. ಹಳ್ಳಿ ಹೆಣ್ಮಕ್ಕಳಿಗೆ ನಮ್ಮ ಸೊಸೆ ದಾರಿ ಮಾಡಿದಾಳೆ ಅಂತ. ಏನು ಕೆಲ್ಸ ಅಂತ ಮಾತ್ರ ಹೇಳ್ಲಿಲ್ಲ, ಮಕ್ಕಳಿಗೆ ಗೊಂಬೆ ಆಟ ಕೆಡುತ್ತೆ ಅಂತ."

ಬಿಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅಭಿಲಾಷ್‌ಗೆ ಫೋನ್ ಮಾಡಿದಳು. ಅವನು ಇಲ್ಲ ಎನ್ನಲಿಲ್ಲ.

"ಸ್ವಲ್ಪ ದಿನ ಅಷ್ಟೇ ಮೇಡಂ. ನಮ್ಮ ಯಂತ್ರಕ್ಕೆ ಈ ಮಾತು ಇನ್ನೂ ಹತ್ತಿಲ್ಲ. ಹುಡುಗೀರ ಮಾತು ಕೇಳಿ ಕಲೀತಾ ಇದೆ. ಈ ದುಡ್ಡು ಬಂದ್ಬುಟ್ರೆ ಎಲ್ಲಾ ಸರಿ ಮಾಡ್ತೀನಿ. ಅನು ಚೆನ್ನಾಗಿ ಮಾತಾಡ್ತಾಳೆ ಅಂತ್ಲೇ ನಿಮ್ಮನೆಗೆ ಹಾಕಿದ್ದು."

ಫೋನ್ ಇಟ್ಟ ಬಿಂದುವಿನ ಮುಖ ಸುಡುತ್ತಿತ್ತು. ಕಂಪನಿಯ ಲೆಕ್ಕ ನೋಡಿದ್ದಳು, ಮಾರುಕಟ್ಟೆ ಅಳೆದಿದ್ದಳು, ಗೊಂಬೆಗೆ ಒಗಟು, ಗಣಿತ, ಹವಾಮಾನ ಎಲ್ಲ ಕೇಳಿ ಪರೀಕ್ಷೆ ಮಾಡಿದ್ದಳು. ಈ ಊರಿನಲ್ಲಿ ಎದುರು ಸಿಕ್ಕವರನ್ನೆಲ್ಲ ಕೇಳುವ "ಊಟ ಆಯ್ತಾ" ಒಂದನ್ನು ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚು ನಾಚಿಕೆಯಾಗಿದ್ದು ಚಕ್ಕುಲಿಯ ಕತೆಗೆ. ಆದರೂ ಅಮರೇಶ್‌ಗೆ ಫೋನ್ ಮಾಡಿ ಬರಬೇಡಿ ಎನ್ನಲಿಲ್ಲ. ಇದೊಂದು ಸಂಜೆ ಕಳೆದರೆ ಸಾಕು ಎಂದುಕೊಂಡು ರೇಷ್ಮೆ ಸೀರೆ ಉಟ್ಟಳು.

ಅಮರೇಶ್ ಬಂದರು. ಬೀದಿಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದು ಹಾಲಿನಲ್ಲಿ ತುಂಬಿಕೊಂಡಿದ್ದರು. ಅಭಿಲಾಷ್ ಕಂಬಕ್ಕೆ ಒರಗಿ ನಿಂತಿದ್ದ. ಗೊಂಬೆ ಒಬ್ಬೊಬ್ಬರನ್ನೂ ಮಾತಾಡಿಸಿತು, ಒಗಟು ಹಾಕಿತು, ಅಮರೇಶ್‌ಗೆ "ಬೆಂಗ್ಳೂರಿಂದ ಬಂದೀರಾ? ಟ್ರಾಫಿಕ್ ಜೋರಿತ್ತಾ?" ಎಂದಿತು. ಅಮರೇಶ್ ಬಿಂದುವಿನ ಕಡೆ ಬಾಗಿ, "ಇದು ಗೆಲ್ಲುತ್ತೆ. ನಿಮ್ಮ ಕಿವಿಯೇ ಕಿವಿ" ಎಂದರು. ಅಷ್ಟರಲ್ಲಿ ಇಂದ್ರಮ್ಮ ಡಬ್ಬಿ ಹಿಡಿದು ಬಂದರು.

"ಓ, ಬಂತು ಚಕ್ಕುಲಿ!" ಅಮರೇಶ್ ಚಪ್ಪಾಳೆ ತಟ್ಟಿದರು. "ಅಮ್ಮಾ, ನಿಮ್ಮ ಕತೆ ಹೇಳಿ ಬಿಂದು ನಮ್ಮ ಆಫೀಸನ್ನೆಲ್ಲ ನಗಿಸಿಬಿಟ್ಟಿದ್ದಾರೆ. ಗೊಂಬೆ ಚಕ್ಕುಲಿ ತಿನ್ನುತ್ತಾ?"

ಹಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಇಂದ್ರಮ್ಮ ಸೊಸೆಯ ಮುಖ ನೋಡಿದರು. ತಾನು ಊರಿಗೆಲ್ಲ ಸೊಸೆಯನ್ನು ಹೊಗಳುತ್ತಿದ್ದಾಗ ಸೊಸೆ ಊರಿಗೆಲ್ಲ ಏನು ಹೇಳುತ್ತಿದ್ದಳು ಎಂಬುದು ಅವರಿಗೆ ಆಗ ತಿಳಿಯಿತು. ಒಂದು ಮಾತು ಆಡಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ಅವರು ಡಬ್ಬಿಯನ್ನು ಸೆರಗಿನಡಿ ಸರಿಸಿಕೊಂಡು, "ಅರವತ್ತಕ್ಕೆ ಅರಳು ಮರಳು ಅಂತಾರಪ್ಪ. ನಂಗೆ ಎಪ್ಪತ್ತು ದಾಟ್ತು. ಗೊಂಬೆ ಯಾವ್ದು, ಮನುಷ್ಯರು ಯಾವ್ದು, ಒಂದೂ ತಿಳಿಯಲ್ಲ" ಎಂದರು.

ಮತ್ತೆ ನಗು. ಬಿಂದುವೂ ನಕ್ಕಳು. ನಕ್ಕಮೇಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಗ್ಬೇಡಿ ಸಾರ್."

ಗೊಂಬೆ ಮಾತಾಡಿತ್ತು. ಪುಟ್ಟ ಹುಡುಗಿಯ ಅದೇ ದನಿ. "ಅಜ್ಜಿಗೆ ಅರಳು ಮರಳು ಆಗಿಲ್ಲ. ಚಕ್ಕುಲಿ ತಿಂದಿದ್ದು ನಾನೇ. ನನ್ನ ಹೆಸ್ರು ಅನು. ಇಲವಾಲದಿಂದ ಮಾತಾಡ್ತಿವ್ನಿ. ನಾನು ಯಂತ್ರ ಅಲ್ಲ."

ಅಭಿಲಾಷ್ ಓಡಿಹೋಗಿ ವೈರ್ ಕಿತ್ತ. ಪಕ್ಕದಲ್ಲಿದ್ದ ಪಟ್ಟದ ರಾಣಿ ಮಗ್ಗುಲಾಗಿ ಬಿದ್ದಳು.

"ಬಿಂದು, ನಿಮಗೆ ಗೊತ್ತಿತ್ತಾ?" ಎಂದರು ಅಮರೇಶ್.

ಬಿಂದು ಅತ್ತೆಯ ಕಡೆ ನೋಡಲಿಲ್ಲ. "ಇಲ್ಲ" ಎಂದಳು.

ಅಮರೇಶ್ ನಂಬಿದರು. ನಂಬಿದ್ದಲ್ಲದೆ ಸಮಾಧಾನವನ್ನೂ ಹೇಳಿದರು. "ನಿಮಗೂ ಮೋಸ ಮಾಡಿದ್ದಾನೆ. ನಿಮ್ಮ ಹೆಸರಿಗೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ." ಅಭಿಲಾಷ್ ಹಿಂಬಾಲಿಸಿಕೊಂಡು ಹೋಗಿ ಗೇಟಿನ ಬಳಿ ಏನೇನೋ ಹೇಳುತ್ತಿದ್ದರೂ ಅವರು ತಿರುಗಿ ನೋಡದೆ ಕಾರು ಹತ್ತಿದರು. ಬೀದಿಯವರು ಕುಂಕುಮ ತೆಗೆದುಕೊಂಡು ಒಬ್ಬೊಬ್ಬರಾಗಿ ಹೊರಟರು.

ಇಂದ್ರಮ್ಮ ಬಿದ್ದ ರಾಣಿಯನ್ನು ಎತ್ತಿ ನಿಲ್ಲಿಸಿ, ಡಬ್ಬಿಯನ್ನು ಸೊಸೆಯ ಕೈಗಿಟ್ಟರು.

"ಇವತ್ತಿಂದು ನೀನೇ ತಗೊಂಡ್ಹೋಗಿ ಅನೂಗೆ ಕೊಟ್ಬುಟ್ಟು ಬಾ."

"ಯಾವ ಮುಖ ಇಟ್ಕೊಂಡು ಹೋಗ್ಲಿ ಅತ್ತೆ? ಹೋಗಿ ಏನಂತ ಹೇಳ್ಲಿ?"

"ಮೊದ್ಲು ನಿನ್ನ ಹೆಸ್ರು ಹೇಳು" ಎಂದರು ಇಂದ್ರಮ್ಮ. "ಅವಳು ಹೇಳ್ಲಿಲ್ವಾ, ಎಲ್ಲರ ಮುಂದೆ?"