ಇನ್ನೊಬ್ಬರ ಗೆರೆ

ಬೆಳಿಗ್ಗೆ ಕಚೇರಿಗೆ ಬಂದು ಕಂಪ್ಯೂಟರ್ ತೆರೆದರೆ ಅದರಲ್ಲಿನ ಚಿತ್ರ ಬರೆಯುವ ಹಲಗೆಯ ಮೇಲೆ ಕಿರ್‌ಸ್ತಿಯ ಬಾಣ ಆಗಲೇ ಓಡಾಡುತ್ತಿರುತ್ತಿತ್ತು. ನೇರಳೆ ಬಣ್ಣದ ಪುಟ್ಟ ಬಾಣ, ಬಾಲಕ್ಕೆ ಅಂಟಿಕೊಂಡ ಅವಳ ಹೆಸರು. ಬೇರೆ ಯಾರೂ ಇರುತ್ತಿರಲಿಲ್ಲ. ಆ ಬಾಣ ಬಿಳಿ ಬಯಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ, ನಿಂತು, ಮತ್ತೆ ಬರುತ್ತಿತ್ತು. ಶಾಲೆಗೆ ಎಲ್ಲರಿಗಿಂತ ಮೊದಲು ಬಂದುಬಿಟ್ಟ ಮಗುವಿನ ಹಾಗೆ.

ನಾವು ಮಕ್ಕಳ ಆಟದ ಅಂಗಳಗಳನ್ನು ರೂಪಿಸುವವರು. ಹ್ಯಾಮಿಲ್ಟನ್ನಿನಲ್ಲಿ, ಒಂದಾನೊಂದು ಕಾಲದಲ್ಲಿ ಅಂಗಿಯ ಗುಂಡಿ ತಯಾರಿಸುತ್ತಿದ್ದ ಕಾರ್ಖಾನೆಯ ಎರಡನೇ ಮಹಡಿ ನಮ್ಮದು. ಜಾರುಬಂಡೆ ಸಿಲ್ವಾನೋ ಅವರ ಪಾಲು, ಕಂಬ ಮತ್ತು ಭಾರದ ಲೆಕ್ಕ ಬ್ರಾಮ್‌ನದು, ಮಕ್ಕಳು ಹತ್ತಿ ಇಳಿಯುವ ಹಗ್ಗದ ಬಲೆ ಕಿರ್‌ಸ್ತಿಯದು. ಉಳಿದದ್ದೆಲ್ಲ, ಅಂದರೆ ಬೇರೆ ಯಾರಿಗೂ ಬೇಡವಾದದ್ದೆಲ್ಲ, ನನ್ನದು. ಹಾಗಾಗಿ ಹಲಗೆಯೂ ನನ್ನ ತಲೆಗೇ ಬಂತು.

ಗಂಡನಿಗೆ ಥಂಡರ್ ಬೇಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಕಿರ್‌ಸ್ತಿ ಬೇಸಿಗೆಯಲ್ಲಿ ಊರು ಬಿಟ್ಟಿದ್ದಳು. ಕಾರಿನಲ್ಲಿ ಹೊರಟರೆ ದಾರಿಯಲ್ಲಿ ಒಂದು ರಾತ್ರಿ ಎಲ್ಲಾದರೂ ಮಲಗಲೇಬೇಕಾದಷ್ಟು ದೂರ. ನಮ್ಮ ಒಡತಿ ಡೋರೀನ್ ಅವಳನ್ನು ಬಿಡಲಿಲ್ಲ. ಅಲ್ಲಿಂದಲೇ ಮಾಡು ಎಂದರು, ಎಲ್ಲರೂ ಒಟ್ಟಿಗೆ ಚಿತ್ರ ಬರೆಯಬಹುದಾದ ಈ ಹಲಗೆಯನ್ನು ಕಂಪ್ಯೂಟರುಗಳಿಗೆ ಹಾಕಿಸಿದರು, ಗೋಡೆಗೆ ಪೆನ್ನಿನಲ್ಲಿ ಬರೆಯುವಂಥ ದೊಡ್ಡ ಪರದೆಯನ್ನೂ ತೂಗುಹಾಕಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ಕೆಲಸ ಆ ಹಲಗೆ ಮೇಲೇ ನಡೀಬೇಕು, ಪೆಟ್ರಾ. ಮೇಜಿನ ಮೇಲೆ ನಡೆದು ಆಮೇಲೆ ಅಲ್ಲಿಗೆ ಬಂದ್ರೆ ಅವಳು ಬರೀ ನೋಡೋಳಾಗ್ತಾಳೆ. ನೋಡೋರಿಗೆ ಸಂಬಳ ಕೊಡೋಷ್ಟು ದೊಡ್ಡೋರಲ್ಲ ನಾವು. ಕ್ರಿಸ್‌ಮಸ್ ಒಳಗೆ ದಾರಿಗೆ ಬರ್ಲಿಲ್ಲಾಂದ್ರೆ ಅವಳ ಬದಲು ಇಲ್ಲೇ ಯಾರನ್ನಾದ್ರೂ ಹುಡುಕ್ತೀನಿ."

"ಅವಳಿಗೆ ಗೊತ್ತಾ ಇದು?"

"ಅವಳಿಗೇ ಮೊದಲು ಹೇಳಿದ್ದು."

ನಾನು ಎಲ್ಲರನ್ನೂ ಕೂರಿಸಿಕೊಂಡು ಡೋನಟ್ ಹಂಚಿ ಪಾಠ ಮಾಡಿದೆ. "ಇದ್ರಲ್ಲಿ ಯಾರು ಬೇಕಾದ್ರೂ ಯಾವುದನ್ನ ಬೇಕಾದ್ರೂ ಸರಿಸಬಹುದು, ಅಳಿಸಬಹುದು, ತಿದ್ದಬಹುದು" ಎಂದು ಹೆಮ್ಮೆಯಿಂದ ಸಾರಿದೆ. ಸಿಲ್ವಾನೋ ಬೆರಳಿಗಂಟಿದ ಸಕ್ಕರೆ ನೆಕ್ಕಿಕೊಂಡು, "ಡೋನಟ್ ಚೆನ್ನಾಗಿತ್ತಮ್ಮ. ಹಲಗೇನ ಯಾವಾಗ ತಿನ್ನೋದು?" ಎಂದರು. ಎಲ್ಲರೂ ನಕ್ಕರು. ಥಂಡರ್ ಬೇಯಿಂದ ಕಿರ್‌ಸ್ತಿಯೂ ನಕ್ಕಳು, ನಮ್ಮ ನಗು ಮುಗಿದ ಮೇಲೆ ಒಂದು ಕ್ಷಣ ತಡವಾಗಿ.

ಸಿಲ್ವಾನೋ ಹಲಗೆಗೆ ಬಂದದ್ದು ಒಂದೇ ಒಂದು ದಿನ. ಊರಿನ ಮೇಲ್ಭಾಗದ ಶಾಲೆಯೊಂದರ ಇಳಿಜಾರಿನಲ್ಲಿ ಅಂಗಳ ಮಾಡಬೇಕಿತ್ತು. ಅವರು ಇಳಿಜಾರಿನುದ್ದಕ್ಕೂ ಜಾರುಬಂಡೆಯನ್ನು ಬರೆದರು. ನಾನು ನನ್ನ ಕಂಪ್ಯೂಟರಿನಲ್ಲಿ ನೋಡುತ್ತ ಕುಳಿತಿದ್ದೆ. ಇಷ್ಟು ವರ್ಷ ಅವರ ಕೈಯಿಂದ ಕಾಗದದ ಮೇಲೆ ಇಳಿಯುತ್ತಿದ್ದ ಆ ನಿಧಾನದ ತಿರುವು ಪರದೆಯ ಮೇಲೂ ಹಾಗೇ ಇಳಿಯಿತು. ಅಷ್ಟರಲ್ಲಿ ನೇರಳೆ ಬಾಣ ಬಂತು. ಜಾರುಬಂಡೆಯ ಬುಡವನ್ನು ಹಿಡಿಯಿತು. ಎಡಕ್ಕೆ ಎಳೆಯಿತು. ಇಡೀ ತಿರುವು ಹಾವಿನಂತೆ ಮಿಸುಕಿ ಬೇರೊಂದು ಆಕಾರಕ್ಕೆ ಬಂದು ನಿಂತಿತು.

ಸಿಲ್ವಾನೋ ಕಂಪ್ಯೂಟರನ್ನು ಸದ್ದಿಲ್ಲದೆ ಮುಚ್ಚಿ, ಕೋಟು ಹಾಕಿಕೊಂಡು ಕಾಫಿಗೆ ಹೋದರು.

ಅಂದಿನಿಂದ ಎಲ್ಲ ಮತ್ತೆ ಮೇಜಿನ ಮೇಲೆಯೇ. ತೀರ್ಮಾನವೆಲ್ಲ ಆದ ಮೇಲೆ ಬ್ರಾಮ್ ಫೋನಿನಲ್ಲಿ ಒಂದು ಫೋಟೋ ತೆಗೆದು ಹಲಗೆಗೆ ಹಾಕುತ್ತಿದ್ದ. ಬೆಳಿಗ್ಗೆ ಬಂದ ಕೂಡಲೇ ಹಲಗೆ ತೆರೆದಿಟ್ಟು, ತನ್ನ ಹೆಸರಿನ ಪಕ್ಕ ಹಾಜರಿ ತೋರಿಸುವ ಹಸಿರು ಚುಕ್ಕೆ ಬಂದದ್ದನ್ನು ಖಾತ್ರಿ ಮಾಡಿಕೊಂಡು, ಸಂಜೆಯವರೆಗೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ.

"ನಾಚಿಕೆ ಆಗಲ್ವೇನೋ?" ಎಂದೆ.

"ನಾನಿದೀನಲ್ಲ ಅಲ್ಲಿ. ಹಸಿರಾಗಿ" ಎಂದ.

ಡಿಸೆಂಬರ್ ಬಂತು. ಕಿರ್‌ಸ್ತಿ ಒಂದು ಮಧ್ಯಾಹ್ನ ಫೋನ್ ಮಾಡಿದಳು. ಆ ಕಡೆ ಹಿಮ ಗುಡಿಸುವ ಗಾಡಿಯ ಗುಡುಗು ಕೇಳುತ್ತಿತ್ತು.

"ಇಲ್ಲಿ ಒಂದು ಅಂಗಡಿಯಲ್ಲಿ ಜನ ಬೇಕಂತೆ ಕಣೇ. ದೋಣಿಗೆ, ಟೆಂಟಿಗೆ ಹಗ್ಗ ಮಾರೋದು."

"ಹುಚ್ಚು ಹಿಡೀತಾ ನಿಂಗೆ?"

"ಹಗ್ಗಾನೇ ತಾನೆ? ಅಲ್ಲೂ ಹಗ್ಗ, ಇಲ್ಲೂ ಹಗ್ಗ." ಆಮೇಲೆ ದನಿ ಇಳಿಸಿದಳು. "ನೀವೆಲ್ಲ ಊಟ ಮುಗಿಸಿ, ಪಾತ್ರೆ ತೊಳೆದು, ಆಮೇಲೆ ನಂಗೆ ಬಾಗಿಲು ತೆಗೆದು ಒಳಗೆ ಬಾ ಅಂತೀರ. ಸಿಲ್ವಾನೋಗೆ ನನ್ನ ಮೇಲೆ ಅದೇನು ಕೋಪ?"

"ಅವ್ರ ಜಾರುಬಂಡೆ ಎಳೆದೆಯಲ್ಲ."

"ಎಳೀದೆ ಏನ್ಮಾಡ್ಲಿ? ಬಲೆಯಿಂದ ಇಳಿಯೋ ಮಗು ನೇರ ಜಾರಿಬರೋರ ಕಾಲಿಗೆ ಸಿಕ್ಕತ್ತೆ. ಯಾರು ಬೇಕಾದ್ರೂ ಸರಿಸಬಹುದು ಅಂದೋಳು ನೀನೇ ಅಲ್ವಾ?"

ನಾನೇ. ಫೋನ್ ಇಟ್ಟು ಹೊರಗೆ ಬಂದಾಗ ಮೇಜಿನ ಹತ್ತಿರ ಸಿಲ್ವಾನೋ ಮತ್ತು ಬ್ರಾಮ್ ಜಗಳವಾಡುತ್ತಿದ್ದರು. ಮೇಲೇರುವ ಮೆಟ್ಟಿಲ ಕಂಬ ಎಲ್ಲಿ ನಿಲ್ಲಬೇಕು ಎನ್ನುವುದು ವಿಷಯ. ದಿನವೂ ನಡೆಯುವ ಜಗಳ. ಬ್ರಾಮ್ ಸುರುಳಿಯಿಂದ ಅಡಿಯದು ಕಾಣುವಂಥ ತೆಳ್ಳನೆಯ ಒಂದು ಟ್ರೇಸಿಂಗ್ ಪೇಪರ್ ಹರಿದು, ಸಿಲ್ವಾನೋ ಬರೆದಿದ್ದರ ಮೇಲೆ ಹಾಸಿ, ಅದರ ಮೇಲೆ ಕಂಬ ಬರೆದ. ಸಿಲ್ವಾನೋ ಆ ಹಾಳೆಯ ಅಂಚನ್ನು ಎತ್ತಿ ತಮ್ಮ ಚಿತ್ರ ನೋಡಿದರು, ಬಿಟ್ಟರು, ಮತ್ತೆ ಎತ್ತಿದರು.

"ಇಲ್ಲಿ ಕಂಬ ನೆಟ್ರೆ ಮಕ್ಕಳು ತಲೆ ಹೊಡ್ಕೊಂಡು ನಿನ್ನ ಹೆಸರು ಹೇಳಿ ಅಳ್ತಾವೆ ಕಣಯ್ಯ."

"ಕಂಬ ಇಲ್ದೇ ಗಾಳೀಲಿ ನಿಲ್ಲತ್ತಾ ನಿಮ್ಮ ಮೆಟ್ಟಿಲು?"

ಸಿಲ್ವಾನೋ ಇನ್ನೊಂದು ಹಾಳೆ ಹರಿದು ಬ್ರಾಮ್‌ನದರ ಮೇಲೆ ಹಾಸಿದರು.

ಇದನ್ನು ನಾನು ಈ ಕಚೇರಿಗೆ ಸೇರಿದಂದಿನಿಂದ ನೋಡಿದ್ದೇನೆ, ನಾನೂ ಹಾಗೇ ಮಾಡಿದ್ದೇನೆ. ಹೀಗೇ ಮಾಡಬೇಕೆಂದು ಯಾರೂ ಹೇಳಿಕೊಟ್ಟದ್ದಿಲ್ಲ. ನಮ್ಮಲ್ಲಿ ಬೈಗುಳಕ್ಕೆ ಅಡ್ಡಿಯಿಲ್ಲ, ಆದರೆ ಒಬ್ಬರ ಗೆರೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮೇಲೆ ಹಾಳೆ ಹಾಸಿ ತಮ್ಮದನ್ನು ಹೇಳುತ್ತಾರೆ. ಕೆಳಗಿನದು ಹಾಗೇ ಇರುತ್ತದೆ, ಎತ್ತಿ ನೋಡಬಹುದು, ಸೋತವರೂ ಮನೆಗೆ ಹೋಗುವಾಗ ತಮ್ಮ ಚಿತ್ರವನ್ನು ಇಡಿಯಾಗಿಯೇ ಕಂಡು ಹೋಗುತ್ತಾರೆ. ನಾನು ಹಲಗೆಯನ್ನು ಮುಂದಿಟ್ಟು, ಬನ್ನಿ, ಎಲ್ಲರೂ ಎಲ್ಲರ ತಟ್ಟೆಗೂ ಕೈ ಹಾಕಿ ಎಂದಿದ್ದೆ. ಕಿರ್‌ಸ್ತಿ ಪಾಪ, ಹೇಳಿದ ಹಾಗೆ ಕೇಳಿದ್ದಳು.

ಮರುದಿನ ಬೆಳಿಗ್ಗೆ ನಾನು ಹಲಗೆಯ ಕಟ್ಟಳೆಗಳನ್ನು ಬದಲಾಯಿಸಿದೆ. ಬರೆದವರನ್ನು ಬಿಟ್ಟು ಬೇರೆ ಯಾರು ಎಳೆದರೂ ಚಿತ್ರ ಮಿಸುಕದಂತೆ ಬೀಗ ಹಾಕಿದೆ. ಏನಾದರೂ ಹೇಳುವುದಿದ್ದರೆ ಮೇಲೆ ಒಂದು ಪಾರದರ್ಶಕ ಹಾಳೆ, ಅವರವರ ಬಣ್ಣದ್ದು, ಬೇಕಾದಾಗ ಎತ್ತುವಂಥದ್ದು. ಹಲಗೆಗೆ ಅದೆಲ್ಲ ಮೊದಲಿನಿಂದಲೂ ಬರುತ್ತಿತ್ತು, ನಾನು ಕೇಳಿರಲಿಲ್ಲ. ಕಿರ್‌ಸ್ತಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ಮೂರು ತಿಂಗಳು" ಎಂದಳು ಅವಳು. "ಮೂರು ತಿಂಗಳು ನಾನು ಅಲ್ಲಿ ಪೊರಕೆ ಹಿಡ್ಕೊಂಡು ಬೇರೆಯೋರ ಗೆರೆ ಗುಡಿಸ್ತಾ ಓಡಾಡಿದ ಹಾಗಾಯ್ತು. ನಾನೂ ಆ ಮೇಜಿಂದ ಎದ್ದು ಬಂದೋಳೇ ಅಲ್ವೇನೇ? ನಂಗ್ಯಾಕೆ ಹೊಳೀಲಿಲ್ಲ?"

"ಈಗ ಹಾಸು. ಆ ಜಾರುಬಂಡೆ ಮೇಲೆ."

ಬ್ರಾಮ್‌ನನ್ನು ಹಿಡಿದುಕೊಂಡು ಗೋಡೆಯ ಪರದೆಯನ್ನು ಕಳಚಿದೆ. "ಒಡೆದ್ರೆ ನಾನಲ್ಲ" ಎನ್ನುತ್ತಲೇ ಅವನು ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಲು ಕೈ ಕೊಟ್ಟ. ಸಿಲ್ವಾನೋ ಬಂದು ನೋಡಿದರು.

"ಏನಿದು? ಶವಪೆಟ್ಟಿಗೆ ತಂದಿದೀರ?"

"ನಿಮ್ಮ ಜಾರುಬಂಡೆ. ಬರೆದ ದಿನ ಹೇಗಿತ್ತೋ ಹಾಗೇ ತಿರುಗಿ ಇಟ್ಟಿದೀನಿ. ಮೇಲೆ ಕಿರ್‌ಸ್ತಿ ಒಂದು ಹಾಳೆ ಹಾಸಿದಾಳೆ. ಎತ್ತಿ ನೋಡಿ."

ಅವರು ಪೆನ್ನಿನ ತುದಿಯಿಂದ ಮೂಲೆಯನ್ನು ಒತ್ತಿದರು. ನೇರಳೆ ಗೆರೆಗಳು ಮಾಯವಾದವು. ಅಡಿಯಲ್ಲಿ ಅವರ ತಿರುವು. ಬಿಟ್ಟರು, ಗೆರೆಗಳು ಮರಳಿದವು. ಮತ್ತೆ ಎತ್ತಿದರು. ನೇರಳೆಯಲ್ಲಿ ಕಿರ್‌ಸ್ತಿ ಬಲೆಯನ್ನು ಬರೆದು, ಅದರಿಂದ ಇಳಿದು ಓಡುವ ಒಂದು ಕಡ್ಡಿಮಗುವನ್ನೂ, ಮೇಲಿನಿಂದ ಜಾರಿ ಬರುತ್ತಿರುವ ಇನ್ನೊಂದನ್ನೂ ಇಟ್ಟಿದ್ದಳು.

"ಈ ಹುಡುಗಿ ಹೇಳೋದು ಸರಿ, ಡಿಕ್ಕಿ ಹೊಡೀತಾವೆ" ಎಂದರು ಸಿಲ್ವಾನೋ. "ಆದ್ರೆ ಸರಿಸಬೇಕಾದ್ದು ನಂದಲ್ಲ, ಅವಳದು. ಅವಳದರ ಮೇಲೊಂದು ಹಾಳೆ ಹಾಸೋದು ಹೇಗೆ ಇದ್ರಲ್ಲಿ?"

ಹೇಳಿಕೊಟ್ಟೆ. ಕಂದು ಬಣ್ಣದಲ್ಲಿ ಅವರು ಬಲೆಯನ್ನು ಇಳಿಜಾರಿನ ಇನ್ನೊಂದು ಮಗ್ಗುಲಿಗೆ ಬರೆದರು. ಮುಗಿಸುವ ಮೊದಲೇ ನೇರಳೆಯ ಮತ್ತೊಂದು ಹಾಳೆ ಬಂದು ಬಿತ್ತು.

"ಕಿರ್‌ಸ್ತಿ! ಮುಗಿಸೋಕೆ ಬಿಡ್ತೀಯೋ ಇಲ್ವೋ?" ಎಂದು ಪರದೆಗೇ ಕೂಗಿದರು.

ಪಕ್ಕದಲ್ಲಿ ತೆರೆದಿಟ್ಟಿದ್ದ ಫೋನಿನಿಂದ ಅವಳ ದನಿ ಬಂತು. "ನೀವು ಮುಗಿಸೋ ಹೊತ್ತಿಗೆ ಮಕ್ಕಳು ಮದುವೆ ಆಗಿರ್ತಾರೆ!"

"ಹಿಮ ತಿನ್ಕೊಂಡು ಕೂತಿರೋಳಿಗೆ ನಾಲಿಗೆ ಬೇರೆ!" ಎಂದರು ಸಿಲ್ವಾನೋ, ಮತ್ತು ಕುರ್ಚಿ ಎಳೆದುಕೊಂಡು ಕುಳಿತರು. ಬ್ರಾಮ್ ಇನ್ನೊಂದು ಪೆನ್ನು ಹುಡುಕತೊಡಗಿದ. ಅವನಿಗೆ ಕಂಬದ ಬಗ್ಗೆ ಹೇಳುವುದಿತ್ತು.

ಮಧ್ಯಾಹ್ನದ ಹೊತ್ತಿಗೆ ಡೋರೀನ್ ಬಂದರು. ಮೇಜಿನ ಸುತ್ತ ಮೂವರು ಬಗ್ಗಿಕೊಂಡಿದ್ದನ್ನೂ, ನಾಲ್ಕನೆಯವಳು ಫೋನಿನೊಳಗಿನಿಂದ ಬೈಯುತ್ತಿದ್ದದ್ದನ್ನೂ ನೋಡಿದರು.

"ಯಾವತ್ತಿಂದ ನಡೀತಿದೆ ಇದು?" ಎಂದು ನನ್ನನ್ನು ಕೇಳಿದರು.

"ಇವತ್ತು ಬೆಳಿಗ್ಗೆಯಿಂದ."

"ಒಂದು ಬೆಳಿಗ್ಗೆ ನೋಡಿ ನಾನು ತೀರ್ಮಾನ ಮಾಡೋಳಲ್ಲ."

"ಗೊತ್ತು."

ಆದರೂ ಅವರು ಹೋಗಲಿಲ್ಲ. ಕೋಟು ಬಿಚ್ಚದೆ ಅಲ್ಲೇ ನಿಂತರು. ಸಿಲ್ವಾನೋ ಎತ್ತಿದ ಹಾಳೆ, ಕಿರ್‌ಸ್ತಿ ಹಾಸಿದ ಹಾಳೆ, ಮತ್ತೆ ಸಿಲ್ವಾನೋ. ಕೊನೆಗೆ ಬಲೆಯೂ ಜಾರುಬಂಡೆಯೂ ಎರಡೂ ಒಂದಿಷ್ಟು ಸರಿದವು. ತಮ್ಮ ತಮ್ಮದನ್ನು ಅವರವರೇ ಸರಿಸಿದರು. ಕಡ್ಡಿಮಕ್ಕಳು ಒಬ್ಬರನ್ನೊಬ್ಬರು ತಪ್ಪಿಸಿಕೊಂಡರು.

ಡೋರೀನ್ ಕೆಮ್ಮಿದರು. "ಕಿರ್‌ಸ್ತಿ, ಕೇಳಿಸ್ತಿದೆಯಾ? ಏಪ್ರಿಲಿನಲ್ಲಿ ಕೊಳದ ಹತ್ತಿರದ ಪಾರ್ಕಿನ ಕೆಲಸ ಶುರುವಾಗತ್ತೆ. ದೊಡ್ಡ ಬಲೆ ಬೇಕಂತೆ. ನಿಂಗಾಗತ್ತಾ?"

ನಾನು ಬ್ರಾಮ್‌ನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ. ಏಪ್ರಿಲ್ ಬರುವುದು ಕ್ರಿಸ್‌ಮಸ್ ಆದ ಮೇಲೆ, ಎಷ್ಟೋ ಮೇಲೆ.

ಫೋನಿನಿಂದ ಕಿರ್‌ಸ್ತಿಯ ದನಿ ಬಂತು.

"ಅಲ್ಲಿ ಮಣ್ಣು ಹೇಗಿದೆ?"

ಡೋರೀನ್ ಬಾಯಿ ತೆರೆಯುವ ಮೊದಲೇ ಸಿಲ್ವಾನೋ ಹೇಳಿದರು, "ಪೂರ್ತಿ ಜೌಗು. ಸುಮ್ನೆ ಕಂಬ ನೆಟ್ರೆ ನಿಲ್ಲಲ್ಲ. ಇರು, ಹೊಸ ಹಲಗೆ ತೆಗೀತೀನಿ. ಪೆಟ್ರಾ, ಹೊಸದು ತೆಗೆಯೋದು ಎಲ್ಲಿ ಒತ್ತಿ?"