ತಂಗಿ ಹದ ನೋಡಿದ ಮಣ್ಣು

ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಏನೋ ತಣ್ಣಗೆ, ಒದ್ದೆ ಮಣ್ಣು, ಇಷ್ಟೇ ಇಷ್ಟು, ಅಂಗಿಯ ಅಂಚಿಗೆ ತಿಕ್ಕಿದ, ಹೋಗಲಿಲ್ಲ — ಹಿತ್ತಲಲ್ಲಿ ನಲ್ಲಿಯ ಸದ್ದು, ತಂಗಿ ಬಕೆಟ್ ತೊಳೆಯುತ್ತಿದ್ದಾಳೆ, ಅವಳು ಬರುವಷ್ಟರಲ್ಲಿ ಕೈ ಒಣಗಬೇಕು, ಮುಖ ಮೊದಲಿನ ಹಾಗಾಗಬೇಕು. ಹಲಗೆಯ ಮೇಲೆ ಇತ್ತು, ಈಗ ತಾನೇ ಇತ್ತು, ನಿಂಬೆಹಣ್ಣಿನ ಗಾತ್ರದ ಅಮ್ಮನ ಮುಖ, ತಂಗಿ ಮಾಡಿದ್ದು. ಅವನಿಗೆ ಮಣ್ಣು ಕಲಸಿಕೊಟ್ಟಾಗಲೆಲ್ಲ ತಂಗಿ ಹದ ನೋಡಲು ಒಂದು ಚೂರು ಕಿತ್ತು ಏನಾದರೂ ಮಾಡುತ್ತಾಳೆ, ನಾಯಿಯ ಕಿವಿ, ಎದುರುಮನೆ ಟೈಲರನ ಮೂಗು, ಬಿರುಕು ಬಿಡದಿದ್ದರೆ ಹದ ಸರಿ, ಮತ್ತೆ ಮುದ್ದೆಗೇ ತಟ್ಟಿಬಿಡುತ್ತಾಳೆ, ಇಟ್ಕೋಬಾರದೇನೇ ಅಂದರೆ ಇಟ್ಕೊಂಡು ಏನ್ ಮಾಡ್ಲಿ ಅಣ್ಣ, ಧೂಳು ಒರೆಸೋ ಕೆಲಸ ಬೇರೆ, ಮಾಡೋವಾಗ ಖುಷಿಯಾಯ್ತಲ್ಲ, ಸಾಕು. ಸಾಕಂತೆ. ಅವನಿಗೆ ಯಾವತ್ತು ಸಾಕಾಗಿದೆ, ಊಟಕ್ಕೆ ಕೂತರೂ ತನ್ನ ಮೂರ್ತಿಗಳಿಗೆ ಯಾರು ಏನಂದರು ಎಂಬುದೇ ಮಾತು, ಕೈ ನಿಮ್ಮಿಬ್ಬರಿಗೂ ಇದೆ ಕಣೋ, ಹಸಿವು ಮಾತ್ರ ನಿನಗೊಬ್ಬನಿಗೇ, ಅಮ್ಮ ನಗುತ್ತಲೇ ಅಂದಿದ್ದಳು. ಅಮ್ಮ ಪಾಠ ಹೇಳಿದ ಶಾಲೆಯವರು ಅವಳು ಹೋದಮೇಲೆ ಕೇಳಿದ ಅವಳ ಮೂರ್ತಿ ಇದು, ಎದುರಿಗೆ ಅರ್ಧಕ್ಕೆ ನಿಂತಿರುವುದು, ಹೋದ ವರ್ಷದಿಂದ ತಿದ್ದಿ ತಿದ್ದಿ ಹಣೆ ಬಂತು, ಕನ್ನಡಕ ಬಂತು, ಬಾಯಿ ಬರಲಿಲ್ಲ, ಮಕ್ಕಳೆದುರು ನಗಬಾರದೆಂದು ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದ ಆ ಬಾಯಿ, ಅದು ತಂಗಿ ಹದ ನೋಡಿದ ಚೂರಿನಲ್ಲಿ ಕೂತಿತ್ತು, ಸುಮ್ಮನೆ, ಕರೆಯದೆ ಬಂದ ಹಾಗೆ — ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರೆ, ಇಲ್ಲಿ ವರುಷ ಅವನದು, ನಿಮಿಷ ಅವಳದು, ದೊಣ್ಣೆಯೂ ಅವನದೇ ಆಯಿತು. ನೋಡಿ ಕಲಿಯಬಹುದಿತ್ತು, ಇದನ್ನೇ ದೊಡ್ಡದು ಮಾಡೋಣ ಬಾ, ಇಬ್ಬರ ಹೆಸರೂ ಇರಲಿ ಅನ್ನಬಹುದಿತ್ತು, ಅಷ್ಟರಲ್ಲಿ ಹೆಬ್ಬೆರಳು ಹೋಗಿ ಒತ್ತಿಬಿಟ್ಟಿತ್ತು, ಸರಿಯಾಗಿ ಬಾಯಿಯ ಮೇಲೇ.

ನಲ್ಲಿ ನಿಂತಿತು. ಕೈ ಕೊಡವುತ್ತ ಬಂದಳು, ಹಲಗೆ ನೋಡಿದಳು, ಅವನ ಕಿವಿ ಸುಡುತ್ತಿದೆ, ಓ ನೀನೂ ಹದ ನೋಡಿದ್ಯಾ ಅಣ್ಣ, ಹೇಗಿದೆ, ಹೂಂ ಸರಿಯಾಗಿದೆ, ಮತ್ತೆ ಮುಖ ಯಾಕೆ ಹುಳ್ಳಗಿದೆ, ಏನಿಲ್ಲ — ಬೈದಿದ್ದರೆ ಚೆನ್ನಾಗಿತ್ತು, ಅತ್ತಿದ್ದರೂ ಆಗುತ್ತಿತ್ತು, ಅವಳು ಆ ಚೂರನ್ನೆತ್ತಿ ಏನೋ ಗುನುಗುತ್ತ ಮುದ್ದೆಗೆ ತಟ್ಟಿದಳು, ಮುದ್ದೆಯನ್ನು ಅವನತ್ತ ತಳ್ಳಿದಳು, ಇವತ್ತಾದ್ರೂ ಅಮ್ಮನ ಬಾಯಿ ಮುಗಿಸು. ಅದರಲ್ಲೇ ಒಂದಿಷ್ಟು ಕಿತ್ತು ಮೂರ್ತಿಯ ಕೆಳತುಟಿಗೆ ಇಟ್ಟ, ಒತ್ತಬೇಕು, ಹೆಬ್ಬೆರಳಿನಿಂದಲೇ ಒತ್ತಬೇಕು, ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಾಳೆ, ಒತ್ತಲು ಬೆರಳು ಏಳುತ್ತಿಲ್ಲ, ಉಗುರಿನ ಸಂದಿಯಲ್ಲಿ ಆ ಮಣ್ಣು, ಇಷ್ಟೇ ಇಷ್ಟು, ಅಮ್ಮನ ತುಟಿ, ಹೆಬ್ಬೆರಳು, ತುಟಿ