ಹತ್ತು ಗಂಟೆ ಹತ್ತು ನಿಮಿಷ

"ಅಪ್ಪಾ, ಏನು ಬೇಕಾದ್ರೂ ಕೇಳಿ, ಇದು ಹೇಳುತ್ತೆ," ಎಂದು ಮಗಳು ಫೋನಿಗೆ ಚಾಟ್‌ಬಾಟ್ ಹಾಕಿಕೊಟ್ಟು ಹೋದಳು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮುದುಕ ಅಷ್ಟು ಸುಲಭಕ್ಕೆ ನಂಬುತ್ತಾನೆಯೇ? ಅಂಗಡಿಯ ಗೋಡೆಯ ಮೇಲೆ ನಿಂತುಹೋಗಿದ್ದ ದೊಡ್ಡ ಗಡಿಯಾರದ ಫೋಟೋ ಹೊಡೆದು, "ಇದರಲ್ಲಿ ಎಷ್ಟು ಗಂಟೆ, ಹೇಳು ನೋಡೋಣ," ಎಂದ.

"ಹತ್ತು ಗಂಟೆ ಹತ್ತು ನಿಮಿಷ," ಎಂದು ಅದು ಕಡ್ಡಿ ಮುರಿದ ಹಾಗೆ ಹೇಳಿತು.

"ನಿನ್ನ ತಲೆ! ಮುಳ್ಳು ನೋಡು. ಮೂರು ನಲವತ್ತು."

"ಕ್ಷಮಿಸಿ, ನೀವು ಹೇಳಿದ್ದೇ ಸರಿ. ಮತ್ತೊಮ್ಮೆ ಗಮನವಿಟ್ಟು ನೋಡಿದೆ. ಹತ್ತು ಗಂಟೆ ಹತ್ತು ನಿಮಿಷ."

ಕ್ಷಮೆಯನ್ನೂ ಕೇಳಿತು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದೂ ಸಾಧಿಸಿತು. ಮುದುಕನಿಗೆ ಅದರ ರೋಗ ತಿಳಿಯಿತು. ಮಾರಾಟದ ಗಡಿಯಾರಗಳ ಮುಳ್ಳನ್ನು ಹತ್ತು ಹತ್ತಕ್ಕೇ ಇಡುವುದು ಕಸುಬಿನ ರೂಢಿ. ಪಾಪ, ಜಾಹೀರಾತಿನ ಚಿತ್ರಗಳನ್ನೇ ನೋಡಿ ಕಲಿತಿರಬೇಕು.

ಅವನ ಅಂಗಡಿಯಲ್ಲಿ ಆ ಕೆಲಸ ಹೆಂಡತಿಯದಾಗಿತ್ತು. ದಿನಾ ಶೋಕೇಸು ಒರೆಸಿ, ಒಂದೊಂದರ ಮುಳ್ಳು ತಿರುಗಿಸುತ್ತಾ, "ಹೀಗಿಟ್ರೆ ನಕ್ಕ ಹಾಗೆ ಕಾಣ್ತವೆ, ಅಲ್ವೇನ್ರೀ?" ಅನ್ನುವಳು. ಕೊನೆಯ ದಿನವೂ ಬೆಳಿಗ್ಗೆ ಹತ್ತು ಹತ್ತಕ್ಕೆ ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದಳು, ಗಟ್ಟಿಮುಟ್ಟಾಗಿ. ಮಧ್ಯಾಹ್ನ ಮೂರು ನಲವತ್ತಕ್ಕೆ ಅವಳ ಉಸಿರು ನಿಂತಿತು. ಗೋಡೆಯ ಗಡಿಯಾರದ ಪೆಂಡುಲಮ್ ಹಿಡಿದು ನಿಲ್ಲಿಸಿದವನು ಅವನೇ.

ಮುದುಕ ಮತ್ತೆ ಬೈಯಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದು, "ಎಷ್ಟು ಗಂಟೆ ಅಂದೆ? ಇನ್ನೊಂದ್ಸಲ ಹೇಳು," ಎಂದ.